ಆಪ್ತಸಲಹೆ ಪ್ರಕರಣ: ‘ಕೈಯೇ ಓಡ್ತಾ ಇಲ್ಲ ಮೇಡಂ’

ಹೆಸರು, ಮನೆಯ ಗುರುತು ಎಲ್ಲ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿರುವುದು. ಶೈಲಾ ಅಂತ ಕರೆಯೋಣ. ವಯಸ್ಸು 26, ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ, ಬಿಕಾಂ ಆಗಿ ಕಾಸರಗೋಡು ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲ ದಿನ ಅಮ್ಮನ ಜೊತೆ ಬಂದಿದ್ದರು.

‘ಎಂತದೋ ಮಂಕು ಬಡಿದ ಹಾಗೆ ಕೂತಿರ್ತಾಳೆ ಡಾಕ್ಟ್ರೇ’ ಅಂದರು ಅಮ್ಮ. (ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಕಡೆ ಎದುರಿಗೆ ಕೂತು ಕಷ್ಟ ಕೇಳುವವರೆಲ್ಲ ಡಾಕ್ಟ್ರೇ.) ಶೈಲಾ ಮಾತಾಡಿದ್ದು ಅಮ್ಮ ಹೊರಗೆ ಹೋದ ಮೇಲೆ. ಚಿಕ್ಕಂದಿನಿಂದ ಚಿತ್ರ ಬಿಡಿಸುತ್ತಾರೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ಕನಸು. ಆರು ತಿಂಗಳಿಂದ ಕೈ ಓಡುತ್ತಿಲ್ಲ, ಸ್ಫೂರ್ತಿ ಬತ್ತಿಹೋಗಿದೆ, ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಸರಿಯಾದೀತು ಅನ್ನುವುದು ಅವರ ಲೆಕ್ಕ. ಅಪ್ಪನ ಲೆಕ್ಕ ಬೇರೆ. ಕನ್ನಡ, ಮಲಯಾಳ ಎರಡೂ ಗೊತ್ತಿದ್ದವರಿಗೆ ಅಂತಲೇ ನಮ್ಮ ಜಿಲ್ಲೆಯಲ್ಲಿ ಕೇರಳ ಲೋಕಸೇವಾ ಆಯೋಗದ, ಅಂದರೆ ಪಿಎಸ್‌ಸಿ ಕ್ಲರ್ಕ್ ಹುದ್ದೆ ಉಂಟಲ್ಲ, ಅದಕ್ಕೆ ಓದಲಿ. ‘ಚಿತ್ರ ಬಿಡಿಸಿದ್ರೆ ಹೊಟ್ಟೆ ತುಂಬ್ತದಾ?’

ಮೊದಲು ನೋಡಬೇಕಾದ್ದು ಖಿನ್ನತೆ. ನಿದ್ದೆ, ಊಟ, ಜನರ ಜೊತೆ ಬೆರೆಯುವುದು ಎಲ್ಲ ವಿಚಾರಿಸಿದೆ. ಎರಡು ವಾರಕ್ಕಿಂತ ಜಾಸ್ತಿ ದಿನವಿಡೀ ಮಂಕಾಗಿದ್ದು, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ಸ್ಫೂರ್ತಿಯ ಮಾತೇ ಎತ್ತುವುದಿಲ್ಲ. ಇವರಿಗೆ ನಿದ್ದೆ ಚೆನ್ನಾಗಿತ್ತು. ಹಿಂದಿನ ವಾರವಷ್ಟೇ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಕುಣಿದು ಬಂದಿದ್ದರು. ಬಾಡಿದ್ದು ಚಿತ್ರದ ಮುಂದೆ ಮಾತ್ರ.

ಆಮೇಲೆ ನಾನೊಂದು ತಪ್ಪು ಮಾಡಿದೆ. ‘ಒಂದಿನ ಬೇಕಲ ಕೋಟೆಗೆ ಹೋಗಿ ಬನ್ನಿ, ಹವಾ ಬದಲಾಗಲಿ’ ಅಂದೆ. ಪಾಪ, ಹೋದರು. ಇನ್ನೂರು ಫೋಟೋ ತೆಗೆದುಕೊಂಡು ಬಂದರು. ಒಂದು ಗೆರೆ ಎಳೆದಿರಲಿಲ್ಲ. ಸುಮ್ನೆ ಒಂದು ಭಾನುವಾರ ಹಾಳು.

ಎರಡನೇ ಸಲ ಬಂದಾಗ ಕಳೆದ ಒಂದು ವರ್ಷದಲ್ಲಿ ಬಿಡಿಸಿದ್ದನ್ನೆಲ್ಲ ತೋರಿಸಿ ಅಂದೆ. ಟ್ಯಾಬ್ ತೆರೆದರು. ಮದುಮಗ ಮದುಮಗಳು, ಮದುಮಗ ಮದುಮಗಳು, ಮತ್ತೆ ಮದುಮಗ ಮದುಮಗಳು. ಫೋಟೋ ನೋಡಿ ಮದುವೆ ಕಾಗದಕ್ಕೆ ಬಿಡಿಸಿಕೊಡುವುದು, ಒಂದಕ್ಕೆ 500 ರೂಪಾಯಿ, ಮೂಗು ಸ್ವಲ್ಪ ಸಣ್ಣ ಮಾಡಿ, ಬಣ್ಣ ಸ್ವಲ್ಪ ಬಿಳಿ ಮಾಡಿ ಅಂತ ರಾತ್ರಿ ಹನ್ನೊಂದಕ್ಕೂ ವಾಟ್ಸಾಪ್. ತನಗಾಗಿ ಬಿಡಿಸಿದ್ದು ಯಾವುದು ಅಂತ ಕೇಳಿದೆ. ತುಂಬ ಹೊತ್ತು ಬೆರಳಾಡಿಸಿದರು. ಹಿಮ ಬಿದ್ದ ಊರಿನ ಚಿತ್ರ ಒಂದು ಸಿಕ್ಕಿತು, ಅದೂ ಎಲ್ಲೋ ನೋಡಿ ಮಾಡಿದ್ದು.

1973ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಅವರಿಗೆ ಹೇಳಿದೆ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದಲ್ಲಿ ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿದರು. ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಅಂತ ಮೊದಲೇ ಹೇಳಿ ಕೊಟ್ಟರು, ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು, ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ ಮೊದಲೇ ಆಸೆ ತೋರಿಸಿದ ಮಕ್ಕಳು ಮಾತ್ರ ಬಣ್ಣದ ಪೆನ್ನಿನ ಹತ್ತಿರ ಹೋಗುವುದು ಕಮ್ಮಿಯಾಗಿತ್ತು. ಶೈಲಾ ನಕ್ಕರು. ‘ನನಗೆ ಬಹುಮಾನವೂ ಸರಿ ಕೊಡ್ಲಿಲ್ಲ ಮೇಡಂ, ನಾಲ್ಕು ಜನ ಇನ್ನೂ ದುಡ್ಡು ಹಾಕಿಲ್ಲ.’

ಇನ್ನೊಂದು ಮಾತು ಕೇಳಿ ಅವರಿಗೆ ಸಿಟ್ಟೇ ಬಂತು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ದುಡ್ಡು ಕೊಟ್ಟು ಬಿಡಿಸಿಕೊಂಡ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ಬಿಡಿಸಿಕೊಂಡವರದ್ದೇ. ಅಂದರೆ ದುಡ್ಡು ಬಂದ ಆ ಚಿತ್ರಗಳಲ್ಲಿ ಒಂದೂ ಅವರದ್ದಲ್ಲ.

ಆಮೇಲೆ ಏನೋ ಮಾತಿಗೆ, ಬೇಸಿಗೆ ಅಲ್ವಾ, ‘ಮನೆಗೆ ನೀರು ಎಲ್ಲಿಂದ?’ ಅಂತ ಕೇಳಿದೆ. ‘ಸುರಂಗದ್ದು’ ಅಂದರು. (ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆಯುವ ಬಾವಿಗೆ ನಮ್ಮ ಕಡೆ ಸುರಂಗ ಅಂತಾರೆ.) ಅಲ್ಲಿಂದ ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲಿಲ್ಲ. ಅಜ್ಜ ಪಿಕ್ಕಾಸು ಹಿಡಿದು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದದ್ದು, ಒಳಗೆ ಗಾಳಿ ಉಂಟಾ ಇಲ್ವಾ ಅಂತ ಮೊಂಬತ್ತಿ ಹಚ್ಚಿ ನೋಡುತ್ತಿದ್ದದ್ದು, ಬಾವಲಿ ಹಾರಿದಾಗ ತಮ್ಮ ಹೆದರಿ ಚಡ್ಡಿಯಲ್ಲೇ ಮಾಡಿಕೊಂಡದ್ದು, ಅಡಿಕೆ ಮರ ಸೀಳಿ ತೋಡಿದ ದಂಬೆಯಲ್ಲಿ ನೀರು ಪಂಪಿಲ್ಲದೆ ಅಂಗಳಕ್ಕೆ ಬರುತ್ತಿದ್ದದ್ದು. ಕೈ ಗಾಳಿಯಲ್ಲೇ ಚಿತ್ರ ಬಿಡಿಸುತ್ತಿತ್ತು. ‘ಇದನ್ನು ಯಾಕೆ ಬಿಡಿಸ್ಲಿಲ್ಲ?’ ಅಂತ ಕೇಳಿದರೆ, ‘ಇದು ನಮ್ಮ ಮನೆ ಹಿಂದೆ ಇರುವುದಲ್ವಾ’ ಅಂದರು.

ಅವತ್ತು ಹೇಳಿದ್ದು ಇಷ್ಟು. ಎರಡು ತಿಂಗಳು ಮದುವೆ ಆರ್ಡರ್ ಪೂರ್ತಿ ಬಂದ್. ಸಂಜೆ ಬಸ್ಸು ಚೆರ್ಕಳ, ಎಡನೀರು ದಾಟಿ ಮನೆ ಮುಟ್ಟುವವರೆಗೆ ಫೋನ್ ಬ್ಯಾಗಿನಲ್ಲಿ, ಕೈಯಲ್ಲಿ ಹತ್ತು ರೂಪಾಯಿಯ ನೋಟ್‌ಬುಕ್ಕು, ಬಾಲ್‌ಪೆನ್. ಬಸ್ಸು ಕುಲುಕಿ ಗೆರೆ ಸೊಟ್ಟಗಾದರೆ ಆಗಲಿ. ಇನ್‌ಸ್ಟಾಗ್ರಾಂಗೆ ಹಾಕುವ ಹಾಗಿಲ್ಲ, ನನಗೂ ತೋರಿಸಬೇಕಾಗಿಲ್ಲ. ಮನಸ್ಸು ಬಂದ ಮೇಲೆ ಕೂರುತ್ತೇನೆ ಅನ್ನುವುದು ಬೇಡ, ಕೂತ ಮೇಲೆ ಬಂದರೂ ಸರಿ, ಬಾರದಿದ್ದರೂ ಸರಿ.

ಕೆಲಸ ಬಿಡುವ ವಿಷಯದಲ್ಲಿ ಖಡಾಖಂಡಿತ ಬೇಡ ಅಂದೆ. ಬೆಂಗಳೂರಿನ ಬಾಡಿಗೆ ತಿಂಗಳಾದರೆ ಬಾಗಿಲಿಗೆ ಬರುತ್ತದೆ, ಆಗ ಮತ್ತೆ ಸಿಕ್ಕಿದ ಮದುಮಗಳನ್ನೇ ಬಿಡಿಸಬೇಕಾಗುತ್ತದೆ. ಕೈಯಲ್ಲಿ ಆರು ತಿಂಗಳ ಖರ್ಚು, ತೋರಿಸಲು ತನ್ನದೇ ಒಂದು ಪುಸ್ತಕದಷ್ಟು ಚಿತ್ರ, ಎರಡೂ ಆದಾಗ ಈ ಮಾತು ಮತ್ತೆ ಎತ್ತೋಣ. ಪಿಎಸ್‌ಸಿ ಪರೀಕ್ಷೆ ಬರೆಯಿರಿ ಅಂತಲೂ ಹೇಳಿದೆ. ಅದಕ್ಕೆ ಮುಖ ಸಿಂಡರಿಸಿದರು. ಸರಕಾರಿ ಕೆಲಸದಲ್ಲಿದ್ದುಕೊಂಡು ಬರೆದವರು, ಯಕ್ಷಗಾನದ ವೇಷ ಕಟ್ಟಿದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಬೇಕು? ಬಡಗಿಯಾಗಲಿ ಭಾಗವತರಾಗಲಿ, ಒಂದು ಕಸುಬಿನ ನೆರಳಲ್ಲಿ ಇನ್ನೊಂದು ಬೆಳೆಯುವುದು ನಮಗೇನು ಹೊಸತಲ್ಲ. ಅಪ್ಪನ ಹತ್ತಿರ ಕನಸಿನ ಮಾತು ಆಡಬೇಡಿ, ಸುರಂಗದ ಬಗ್ಗೆ ಕೇಳಿ ಅಂದೆ. ಅಜ್ಜನ ಜೊತೆ ಮಣ್ಣು ಹೊತ್ತವರು ಅವರೇ ತಾನೇ.

ಮೊದಲ ಮೂರು ವಾರ ಏನೂ ಆಗಲಿಲ್ಲ. ಬರೀ ಸೀಟಿನ ಕಂಬಿ, ಕಂಡಕ್ಟರನ ಚೀಲ. ಒಂದು ವಾರ ಬರಲೇ ಇಲ್ಲ, ಗುಟ್ಟಾಗಿ ಎರಡು ಆರ್ಡರ್ ತೆಗೆದುಕೊಂಡಿದ್ದರಂತೆ. ನಾನು ಬೈಯಲಿಲ್ಲ, ಟ್ಯಾಬಿನ ಕಂತು ಕಟ್ಟಬೇಕಿತ್ತು.

ಆರನೇ ಸಲ ಬಂದಾಗ ಹನ್ನೆರಡು ಹಾಳೆ ತಂದಿದ್ದರು. ಒಬ್ಬ ಹುಡುಗ, ಒಂದು ಮೊಂಬತ್ತಿ, ಒಂದು ಸುರಂಗ. ಒಂದು ಕಡೆ ಕಳಿಸಿದ್ದಕ್ಕೆ ಉತ್ತರ ಬಂದಿಲ್ಲ, ಇನ್ನೊಂದು ಕಡೆಯವರು ಚಿತ್ರ ಚೆನ್ನಾಗುಂಟು, ಕಥೆ ಸಡಿಲ ಅಂದಿದ್ದಾರೆ. ಆಫೀಸಿಗೆ ಹೋಗುವುದು ನಡೆದಿದೆ. ಪಿಎಸ್‌ಸಿಗೂ ಅರ್ಜಿ ಹಾಕಿದ್ದಾರೆ.

ಕೊನೆಯ ಹಾಳೆಯಲ್ಲಿ ಸುರಂಗದ ಬಾಯಲ್ಲಿ ಟಾರ್ಚ್ ಹಿಡಿದು ನಿಂತ ಒಬ್ಬರು. ‘ಅಪ್ಪನಾ?’ ಅಂದೆ. ‘ಹೌದು, ಎರಡು ಗಂಟೆ ಹಿಡ್ಕೊಂಡು ನಿಂತಿದ್ರು’ ಅಂದವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ‘ಕಾಲು ಸರಿ ಬರ್ಲಿಲ್ಲ ಮೇಡಂ, ಇದನ್ನು ಇನ್ನೊಂದ್ಸಲ ಬಿಡಿಸ್ಬೇಕು.’