ಅಮೆರಿಕದ ವಾಯುಪಡೆ ತನಿಖೆ ಮಾಡಿಯೂ ಬಿಡಿಸಲಾಗದ 'ಹಾರುವ ತಟ್ಟೆ' ಪ್ರಕರಣ ಇದೆಯೇ?

ಇದೆ, ಒಂದಲ್ಲ ನೂರಾರು. ಅವುಗಳಲ್ಲಿ ನನ್ನನ್ನು ಬಹಳ ಕಾಡಿರುವುದು ಸೊಕೊರ್ರೊ ಪ್ರಕರಣ.

1964ರ ಏಪ್ರಿಲ್ 24ರ ಸಂಜೆ, ನ್ಯೂ ಮೆಕ್ಸಿಕೋದ ಸೊಕೊರ್ರೊ ಊರಿನ ಪೊಲೀಸ್ ಲಾನಿ ಝಮೋರಾ ವೇಗವಾಗಿ ಓಡುತ್ತಿದ್ದ ಕಾರೊಂದರ ಬೆನ್ನು ಹತ್ತಿದ್ದರು. ಅಷ್ಟರಲ್ಲಿ ಭಾರೀ ಸದ್ದು, ದೂರದಲ್ಲಿ ಬೆಂಕಿಯ ಜ್ವಾಲೆ. ಬೆನ್ನಟ್ಟುವುದನ್ನು ಬಿಟ್ಟು ಅತ್ತ ಹೋದರೆ, ತಗ್ಗಿನಲ್ಲಿ ಮೊಟ್ಟೆಯಾಕಾರದ ಬಿಳಿ ವಸ್ತು. ಪಕ್ಕದಲ್ಲಿ ಬಿಳಿ ಉಡುಪಿನ ಇಬ್ಬರು. ಸ್ವಲ್ಪ ಹೊತ್ತಿಗೆ ಅದು ಗರ್ಜಿಸುತ್ತ ಮೇಲೆದ್ದು, ಆಮೇಲೆ ಸದ್ದಿಲ್ಲದೆ ಹಾರಿಹೋಯಿತು.

ಬರೀ ಮಾತಾಗಿದ್ದರೆ ತಳ್ಳಿಹಾಕಬಹುದಿತ್ತು. ಆದರೆ ಅಲ್ಲಿ ಪೊದೆಗಳು ಸುಟ್ಟಿದ್ದವು, ನೆಲದಲ್ಲಿ ನಾಲ್ಕು ಗುಳಿಗಳಿದ್ದವು. ಹಾರುವ ತಟ್ಟೆಗಳ ವರದಿಗಳನ್ನು ತನಿಖೆ ಮಾಡುತ್ತಿದ್ದ ವಾಯುಪಡೆಯ ಯೋಜನೆ 'ಪ್ರಾಜೆಕ್ಟ್ ಬ್ಲೂ ಬುಕ್' ಪರವಾಗಿ ಖಗೋಳಶಾಸ್ತ್ರಜ್ಞ ಅಲೆನ್ ಹೈನೆಕ್ ಖುದ್ದಾಗಿ ಬಂದು ನೋಡಿದರು. ಇದು ಚಂದ್ರನ ಮೇಲಿಳಿಯುವ ನೌಕೆಯ ಪರೀಕ್ಷೆಯಿರಬಹುದೇ ಎಂದು ಯೋಜನೆಯ ಮುಖ್ಯಸ್ಥ ಹೆಕ್ಟರ್ ಕ್ವಿಂಟನಿಲ್ಲಾ ವಿಚಾರಿಸಿದರು; ಹೊಂದಿಕೆಯಾಗಲಿಲ್ಲ. ಹಾರುವ ತಟ್ಟೆಗಳನ್ನು ಸುಲಭಕ್ಕೆ ನಂಬದ ಕ್ವಿಂಟನಿಲ್ಲಾ ಅವರೇ ಝಮೋರಾ ಸುಳ್ಳು ಹೇಳುವವರಲ್ಲ ಎಂದು ಒಪ್ಪಿದ್ದು ನನಗೆ ಮುಖ್ಯವೆನಿಸುತ್ತದೆ. ವಿದ್ಯಾರ್ಥಿಗಳ ಚೇಷ್ಟೆ ಎಂಬ ವಾದ ಆಮೇಲೆ ಬಂತು, ಸಾಬೀತಾಗಲಿಲ್ಲ.

1969ರಲ್ಲಿ ಯೋಜನೆ ಮುಚ್ಚಿದಾಗ 12,618 ವರದಿಗಳ ಪೈಕಿ 701 'ಗುರುತಿಸಲಾಗದವು' ಎಂದೇ ಉಳಿದವು. ಸೊಕೊರ್ರೊ ಅದರಲ್ಲೊಂದು.