ಹಳೆಯ ತೋಟದ ಮನೆಯ ಸಾಮಾನು ಕಡಿಮೆ ಮಾಡುವ ಬಗ್ಗೆ

ನಮಸ್ಕಾರ. ತಂದೆಯವರು ತೀರಿಕೊಂಡ ಮೇಲೆ ಸಾಗರದ ಕಡೆಯ ಅಡಿಕೆ ತೋಟ ಮತ್ತು ಮನೆಯನ್ನು ನೋಡಿಕೊಳ್ಳಲು ಊರಿಗೆ ಬಂದಿದ್ದೀರೆಂದೂ, ಅಟ್ಟ, ಕೊಟ್ಟಿಗೆ, ಔಷಧಿ ಕೋಣೆಗಳೆಲ್ಲ ತಲೆಮಾರುಗಳ ಸಾಮಾನಿನಿಂದ ತುಂಬಿ ನಿಮಗೆ ರಾತ್ರಿ ನಿದ್ರೆ ಬಾರದಂತಾಗಿದೆಯೆಂದೂ, ಏನನ್ನು ತೆಗೆಯಹೊರಟರೂ ತಾಯಿಯವರು ನೊಂದುಕೊಳ್ಳುತ್ತಾರೆಂದೂ ಬರೆದಿದ್ದೀರಿ. ಗುಜರಿಯವರನ್ನು ಕರೆಸಿ ಒಂದೇ ದಿನದಲ್ಲಿ ಎಲ್ಲವನ್ನೂ ಸಾಗಿಸಿಬಿಡಿ ಎಂದು ಈ ಗುಂಪಿನಲ್ಲಿ ಕೆಲವರು ಸೂಚಿಸಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಮನೆಯಲ್ಲಿ ಮನಸ್ಸಿಗೆ ಹೆಚ್ಚು ಭಾರವಾಗುವುದು ಇಡಬೇಕೋ ತೆಗೆಯಬೇಕೋ ಎಂದು ತೀರ್ಮಾನವಾಗದೆ ಬಿದ್ದಿರುವ ವಸ್ತುಗಳು. ಆ ತೀರ್ಮಾನಗಳನ್ನು ಅಪಾಯ ಹೆಚ್ಚಿರುವ ಕಡೆಯಿಂದ ಆರಂಭಿಸಿ, ನೆನಪು ಹೆಚ್ಚಿರುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಆದ್ದರಿಂದ ಮೊದಲು ಔಷಧಿ ಕೋಣೆ. ಹಳೆಯ ತೋಟಗಳಲ್ಲಿ ಫೋರೇಟ್ ಗುಳಿಗೆಯ ಪೊಟ್ಟಣ, ಎಂಡೋಸಲ್ಫಾನ್ ಡಬ್ಬಿಗಳಂಥ ವಿಷಕಾರಿ ಕೀಟನಾಶಕಗಳು ಇನ್ನೂ ಮೂಲೆಯಲ್ಲಿ ಸಿಗುವುದುಂಟು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿಯೇ ತಡೆದಿದೆ. ಫೋರೇಟ್ ಬಳಕೆಗೆ 2020ರ ಕೊನೆಯಿಂದ ನಿಷೇಧವಿದೆ. ಇವನ್ನು ಸುಡುವುದು, ಹೂಳುವುದು, ಹಳ್ಳಕ್ಕೆ ಸುರಿಯುವುದು ಯಾವುದೂ ಸಲ್ಲದು. ಕೈಗವಸು ಹಾಕಿಕೊಂಡು, ಸೋರುತ್ತಿರುವುದನ್ನು ಗಟ್ಟಿಯಾದ ಪ್ಲಾಸ್ಟಿಕ್ ಡ್ರಮ್ಮಿಗೆ ಇಳಿಸಿ, ಹೆಸರು ಬರೆದು, ಬೀಗ ಹಾಕಿಟ್ಟು, ವಿಲೇವಾರಿಯ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಒಣಗಿದ್ದರೆ ಇಟ್ಟುಕೊಳ್ಳಬಹುದು, ಆದರೆ ಅದು ಕಬ್ಬಿಣವನ್ನು ತಿನ್ನುವುದರಿಂದ ತಗಡಿನ ಡಬ್ಬಿಯಲ್ಲಿ ಇಡಬೇಡಿ. ಹಳೆಯ ಸುಣ್ಣದ ಪುಡಿಯನ್ನು ಮಾತ್ರ ಉಳಿಸಿಕೊಳ್ಳಬೇಡಿ. ಅದು ಗಾಳಿಗೆ ಸತ್ವ ಕಳೆದುಕೊಂಡಿರುತ್ತದೆ; ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಲೆಕ್ಕ ಸರಿಯಾಗಿಯೇ ಹಾಕಿದರೂ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹುಳಿಯಾಗಿಯೇ ಉಳಿದು, ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿಕೊಳ್ಳುತ್ತದೆ. ಈ ಕೋಣೆಯೊಂದು ಹಗುರವಾದರೆ, ಮನೆಯಲ್ಲಿ ಮಕ್ಕಳೂ ದನಕರುಗಳೂ ಓಡಾಡುವಾಗ ಒಳಗೊಳಗೆ ಕಾಡುವ ಭಯ ದೂರವಾಗುತ್ತದೆ.

ಎರಡನೆಯದು ಕಾಗದಪತ್ರ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ನಿದ್ರೆ ಕೆಡಿಸುತ್ತಿರುವುದು ಅಟ್ಟಕ್ಕಿಂತ ಹೆಚ್ಚಾಗಿ ತಂದೆಯವರ ಕಬ್ಬಿಣದ ಪೆಟ್ಟಿಗೆಯೇ ಇರಬಹುದು ಎಂಬುದು ನನ್ನ ಅನಿಸಿಕೆ. ನಮ್ಮ ಕಡೆಯ ಪೆಟ್ಟಿಗೆಗಳನ್ನು ಬಿಚ್ಚಿದರೆ ಅತಿ ದಪ್ಪನೆಯ ಕಟ್ಟು ಸಾಮಾನ್ಯವಾಗಿ ಪ್ರತಿ ವರ್ಷ ಬೆಳೆಸಾಲಕ್ಕೆಂದು ತೆಗೆಸಿದ ಗಣಕೀಕೃತ ಪಹಣಿಗಳದ್ದಾಗಿರುತ್ತದೆ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಗಳದ್ದು. ಭೂದಾಖಲೆಗಳನ್ನು ಗಣಕೀಕರಿಸಿದ ಸರ್ಕಾರದ ‘ಭೂಮಿ’ ಯೋಜನೆಯಿಂದಾಗಿ ಅವು ಯಾವಾಗ ಬೇಕಾದರೂ ಆನ್‌ಲೈನ್‌ನಲ್ಲಿ ಸಿಗುವುದರಿಂದ, ತೀರಾ ಇತ್ತೀಚಿನದೊಂದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದುಹಾಕಬಹುದು. ಕೈಬರಹದ ಹಳೆಯ ಪಹಣಿ, ಕ್ರಯಪತ್ರ, ವಿಭಾಗಪತ್ರ, ಸರ್ವೆ ನಕ್ಷೆ, ಸಾಲ ತೀರುವಳಿ ಪತ್ರ ಇವುಗಳ ಒಂದು ಚೂರನ್ನೂ ಕಳೆಯಬೇಡಿ. ನಿಮ್ಮ ಜಮೀನು ಗೇಣಿಯಿಂದ ಬಂದದ್ದಾದರೆ, 1974ರ ಭೂಸುಧಾರಣೆಯ ನಂತರ ಭೂನ್ಯಾಯಮಂಡಳಿ ಕೊಟ್ಟ ಆದೇಶದ ಪ್ರತಿ ಎಲ್ಲಕ್ಕಿಂತ ಮುಖ್ಯ. ಪಹಣಿ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಹೊಂದಿಸಿಕೊಂಡು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಕೊಡಿ. ಸಹಕಾರ ಸಂಘದ ಷೇರು, ಬ್ಯಾಂಕಿನ ಠೇವಣಿ, ವಿಮೆ ಇವುಗಳಿಗೆ ನಾಮಿನಿ ಯಾರೆಂಬುದನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಆ ಪುಸ್ತಕ ಎಲ್ಲಿದೆ ಎಂಬುದನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿ. ಹುಡುಕಾಟ ಕಡಿಮೆಯಾದರೆ ಅರ್ಧ ಚಿಂತೆ ಇಳಿಯುತ್ತದೆ.

ಪೆಟ್ಟಿಗೆಯ ತಳದಲ್ಲಿ ತಾಳೆಗರಿಯಾಗಲಿ, ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತವಾಗಲಿ ಸಿಕ್ಕರೆ ಅದಕ್ಕೆ ಎಣ್ಣೆ, ನೀರು ಏನನ್ನೂ ಸೋಕಿಸದೆ ತೆಗೆದಿಡಿ. ನಿಮಗೆ ಹತ್ತಿರದಲ್ಲಿಯೇ ಇರುವ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥವುಗಳ ದೊಡ್ಡ ಸಂಗ್ರಹವಿದೆ. ಅಲ್ಲಿ ತೋರಿಸದೆ ಯಾರಿಗೂ ಕೊಡಬೇಡಿ.

ಇನ್ನು ಅಟ್ಟದ ಪಾತ್ರೆಗಳು. ಇಲ್ಲಿ ತೀರ್ಮಾನ ನಿಮ್ಮದಲ್ಲ, ತಾಯಿಯವರದು. ಲಾಸ್ ಏಂಜಲೀಸ್‌ನಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವ ಕುಟುಂಬಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತಮ್ಮ ಮನೆ ಅಸ್ತವ್ಯಸ್ತವಾಗಿದೆ, ಕೆಲಸ ಮುಗಿಯದೆ ಉಳಿದಿದೆ ಎಂದು ಹೇಳಿಕೊಂಡ ಹೆಂಗಸರಲ್ಲಿ, ಸಂಜೆಯ ಹೊತ್ತಿಗೆ ಇಳಿಯಬೇಕಾದ ಒತ್ತಡದ ಹಾರ್ಮೋನು ಸರಿಯಾಗಿ ಇಳಿಯದಿರುವುದು ಕಂಡುಬಂದಿತ್ತು. ಸಾಮಾನಿನ ಧೂಳು ಒರೆಸುವವರಿಗೇ ಅದರ ಭಾರ ಹೆಚ್ಚು ಎಂಬುದು ನಮ್ಮ ಮನೆಗಳಲ್ಲಿಯೂ ನಿಜ. ಹಾಗೆಂದು ಅವರನ್ನು ಕೇಳದೆ ತೆಗೆದರೆ ಭಾರ ಹೋಗಿ ನೋವು ಬರುತ್ತದೆ. ನಮ್ಮಲ್ಲಿ ಅತ್ತೆಯವರ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಇಳಿಸಿ ಜಗಲಿಯಲ್ಲಿ ಸಾಲಾಗಿ ಇಟ್ಟು ಅವರನ್ನು ಕೂರಿಸಿದೆವು. ಅವರು ಒಂದೊಂದರ ಬಾಯಿಗೂ ಮೂಗಿಟ್ಟು ನೋಡಿ, ಒಳಗೆ ಬೆರಳಾಡಿಸಿ, ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಕೆಡದೆ ನಿಲ್ಲುವ ಎರಡನ್ನು ತಾವೇ ಆರಿಸಿಕೊಂಡರು. ಅಂಚು ಒಡೆದದ್ದನ್ನು ಹಿತ್ತಿಲಿಗೆ ಕಳಿಸಿ, ಉಳಿದವು ಯಾವ ಯಾವ ಮಗಳ ಮನೆಗೆ ಎಂಬುದನ್ನೂ ಅಲ್ಲಿಯೇ ಹೇಳಿದರು. ಪಕ್ಕದಲ್ಲಿ ಕುಳಿತು ಕೇಳುವಷ್ಟು ಬಿಡುವು ಮಾಡಿಕೊಂಡರೆ ಹಿರಿಯರು ನಾವೆಣಿಸಿದ್ದಕ್ಕಿಂತ ಧಾರಾಳವಾಗಿ ಕೊಡುತ್ತಾರೆ. ವರ್ಷಕ್ಕೊಮ್ಮೆ ಹೊರಬರುವ ದೊಡ್ಡ ಕೊಪ್ಪರಿಗೆ, ಜಮಖಾನಗಳನ್ನು ಊರಿನ ದೇವಸ್ಥಾನದಲ್ಲಿಯೋ ಕೇರಿಗೆ ಸಾಮಾನ್ಯವಾಗಿಯೋ ಇಡಬಹುದು. ಕಲಾಯಿ ಮಾಡುವವರು ಅಪರೂಪವಾಗಿರುವ ಈ ಕಾಲದಲ್ಲಿ ಮನೆಗೊಂದು ಹಿತ್ತಾಳೆಯ ಸಂಸಾರ ಬೇಕಿಲ್ಲ.

ಯಂತ್ರಗಳ ವಿಷಯದಲ್ಲಿ ಇಷ್ಟೇ: ವರ್ಷಕ್ಕೆ ಕೆಲವೇ ದಿನ ಬೇಕಾಗುವುದನ್ನು ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತನ್ನಿ, ಕೆಟ್ಟು ನಿಂತ ಪಂಪ್‌ಸೆಟ್ಟನ್ನು ಈ ಬೇಸಿಗೆಯೊಳಗೆ ರಿಪೇರಿ ಮಾಡಿಸಿ, ಆಗದಿದ್ದರೆ ಮಾರಿಬಿಡಿ.

ಇದರ ನಡುವೆಯೇ ಹೈನುಗಾರಿಕೆ, ಜೇನು, ನರ್ಸರಿ ಮೂರನ್ನೂ ಈ ವರ್ಷವೇ ಆರಂಭಿಸುವ ಯೋಚನೆ ಬರೆದಿದ್ದೀರಿ. ನೇರವಾಗಿ ಹೇಳುವುದಾದರೆ, ಬೇಡ. ಜೇನು ಒಂದನ್ನು ಇಟ್ಟುಕೊಳ್ಳಿ. ಎರಡು ಹೊತ್ತೂ ಕಟ್ಟಿಹಾಕುವ ಹಾಲಿನ ಕೆಲಸವನ್ನು ಮನೆಯಲ್ಲಿ ಇನ್ನೊಂದು ಕೈ ಒದಗುವವರೆಗೆ ಮುಂದೂಡಿ.

ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ, ಮೊದಲ ಬೋರ್ಡೋ ಸಿಂಪಡಣೆಗೆ ಮುಂಚಿನ ಏಪ್ರಿಲ್ ತಿಂಗಳು ಅಟ್ಟ ಇಳಿಸಲು ಅನುಕೂಲ, ಪಾತ್ರೆ ಪೆಟ್ಟಿಗೆಗಳನ್ನು ಬಿಸಿಲಿಗೆ ಹಾಕಲೂ ಆಗುತ್ತದೆ. ಔಷಧಿ ಕೋಣೆಗೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಡಬ್ಬಿಗಳ ಮೇಲಿನ ಹೆಸರುಗಳನ್ನು ಈ ವಾರವೇ ಪಟ್ಟಿ ಮಾಡಿ ಇಲ್ಲಿ ಹಾಕಿದರೆ, ಯಾವುದು ಬಳಸಬಹುದಾದದ್ದು, ಯಾವುದು ನಿಷೇಧಿತ ಎಂಬುದನ್ನು ನಾನೂ ಗುಂಪಿನ ಇತರರೂ ನೋಡಿ ತಿಳಿಸುತ್ತೇವೆ.