ಬಾಗಲಕೋಟೆಯಲ್ಲಿ ಕೂತು ಹೊಸ ಹಾಡು, ಹೊಸ ಕಾಮಿಕ್ಸ್ ಹುಡುಕೋದು ಹೇಗೆ?

ಮೂರು ಸಾವಿರ ಹಾಡು ಸೇವ್ ಮಾಡಿದ್ದೀರಿ, ಫೋನ್ ತುಂಬ ಕಾಮಿಕ್ಸ್ ಪಿಡಿಎಫ್ ಇವೆ. ಆದರೂ ಆಪ್ ತೋರಿಸಿದ್ದನ್ನೇ ತೋರಿಸುತ್ತದೆ, ಬೆಂಗಳೂರಿಗೆ ಹೋದರೆ ಹೊಸದು ಸಿಗುತ್ತಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮ ಮೇಲಲ್ಲ, ಹದಿನೇಳು ವರ್ಷದ ನನ್ನ ಮೇಲೆ.

ನಾನು ವಿಜಯಪುರದವನು. 1994ರಲ್ಲಿ ಪಿಯುಸಿ ಓದುತ್ತಿದ್ದೆ, ಊರಿನ ಹೆಸರು ಆಗಿನ್ನೂ ಬಿಜಾಪುರ. ಅಕ್ಕನ ಗಂಡ ಸೊಲ್ಲಾಪುರದಿಂದ ಒಂದು ಟೂ ಇನ್ ಒನ್ ತಂದುಕೊಟ್ಟಿದ್ದರು. ರೇಡಿಯೋದಲ್ಲಿ ಬಂದದ್ದನ್ನು ಅದರಲ್ಲೇ ಕ್ಯಾಸೆಟ್‌ಗೆ ತುಂಬಬಹುದು. ಅಷ್ಟು ಸಾಕಾಯಿತು, ನನಗೆ ಹುಚ್ಚು ಹಿಡಿಯಿತು. ಧಾರವಾಡ ಆಕಾಶವಾಣಿ, ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಟ್ಯೂಬ್‌ಲೈಟ್ ಹಾಕಿದರೆ ರೇಡಿಯೋ ಗರ್ ಅನ್ನುತ್ತಿತ್ತು, ಅದಕ್ಕೆ ಕತ್ತಲಲ್ಲೇ ಕೂರುತ್ತಿದ್ದೆ. ವಚನ, ದಾಸರ ಪದ, ಗೀಗೀ ಪದ, ಖಯಾಲ್, ಏನು ಬಂದರೂ ನನಗೆ ಹೊಸದೇ. ಎರಡು ವರ್ಷದಲ್ಲಿ 42 ಕ್ಯಾಸೆಟ್ ತುಂಬಿದವು. ಓಣಿಯಲ್ಲಿ ಯಾರ ಹತ್ತಿರವೂ ಅಷ್ಟಿರಲಿಲ್ಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ರೆಕಾರ್ಡ್ ಮತ್ತು ಪ್ಲೇ ಗುಂಡಿ ಒಟ್ಟಿಗೆ ಒತ್ತಬೇಕು. ಕೂಡಲೇ ಟೇಪ್ ತಡೆದು ನಿಲ್ಲಿಸುವ ಪಾಸ್ ಗುಂಡಿ ಒತ್ತಿ ಹಿಡಿದಿಟ್ಟುಕೊಳ್ಳಬೇಕು. ಅನೌನ್ಸರ್ ಮಾತಾಡುತ್ತಿರುತ್ತಾರೆ. ಯಾರ ರಚನೆ, ಯಾರ ಗಾಯನ, ಹಾರ್ಮೋನಿಯಂ ಯಾರದು, ತಬಲಾ ಯಾರದು. ಅವರ ಮಾತು ಮುಗಿದು ಹಾರ್ಮೋನಿಯಂನ ಮೊದಲ ಸ್ವರ ಬರುವಷ್ಟರಲ್ಲಿ ಪಾಸ್ ಬಿಡಬೇಕು. ಹಾಡು ಮುಗಿದ ಮೇಲೆ ಅನೌನ್ಸರ್ ಮತ್ತೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದಲ್ಲ, ಅಷ್ಟರಲ್ಲಿ ಮತ್ತೆ ಪಾಸ್. ಇದರಲ್ಲಿ ನಾನು ಪಳಗಿಬಿಟ್ಟಿದ್ದೆ. ನನ್ನ ಕ್ಯಾಸೆಟ್‌ನಲ್ಲಿ ಒಂದು ಮಾತೂ ಇಲ್ಲ, ಹಾಡಿಗೆ ಹಾಡು ಅಂಟಿಕೊಂಡಿದೆ. ಗೆಳೆಯರು ಬಂದು ಕೇಳಿ, ಅಂಗಡಿ ಕ್ಯಾಸೆಟ್ ಹಾಗೇ ಇದೆಯಲ್ಲೋ ಅನ್ನುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಯಾಕೆ ಹಾಗೆ ಮಾಡಿದೆ ಅಂದರೆ, ಮಾತಿಗೆ ಟೇಪ್ ಹಾಳು ಅಂತ. ಸಿ-60 ಕ್ಯಾಸೆಟ್, ಒಂದು ಕಡೆಗೆ 30 ನಿಮಿಷ. ಲೆಕ್ಕ ಹಾಕಿ ನೋಡಿ. ಒಂದು ಹಾಡಿಗೆ ಮುಂದೊಮ್ಮೆ ಹಿಂದೊಮ್ಮೆ ಸೇರಿ ಅರ್ಧ ನಿಮಿಷದ ಮಾತು. ಕ್ಯಾಸೆಟ್‌ಗೆ ಹತ್ತು ಹಾಡು ಅಂದರೆ ಉಳಿದದ್ದು ಐದು ನಿಮಿಷ. ಆ ಐದು ನಿಮಿಷದಲ್ಲಿ ನಾನು ಏನು ತುಂಬಿದೆ? ಇನ್ನೊಂದು ಹೆಸರಿಲ್ಲದ ಹಾಡು.

ಕ್ಯಾಸೆಟ್ ಚೀಟಿಯ ಮೇಲಾದರೂ ಬರೆಯಬಹುದಿತ್ತು. ಅಲ್ಲಿ ನಾನು ಬರೆದದ್ದು "ಹೊಸ ಹಾಡು 1", "ಹೊಸ ಹಾಡು 2". ಹೀಗೆ 42ರವರೆಗೆ! ಬರೆಯೋದು ಏನಿದೆ, ನೆನಪಿರುತ್ತದೆ ಅಂದುಕೊಂಡಿದ್ದೆ. ಒಂದು ವಾರ ನೆನಪಿತ್ತು.

ಹದಿನೇಳನೇ ಕ್ಯಾಸೆಟ್‌ನ ಎರಡನೇ ಕಡೆ ಒಂದು ವಚನ ಇದೆ. ಹೆಂಗಸಿನ ಧ್ವನಿ, ಚೂರು ಒಡಕು, ಮೇಲಿನ ಷಡ್ಜಕ್ಕೆ ಹೋಗುವಾಗ ಅವಸರವಿಲ್ಲ. ನಾನು ಆಮೇಲೆ ಎಷ್ಟು ಹಾಡು ಕೇಳಿದರೂ ಅದರ ಪಕ್ಕ ಇಡುವಂಥದ್ದು ಸಿಕ್ಕಿಲ್ಲ. ವಚನ ಯಾರದು ಅಂತ ಗೊತ್ತು, ಕೊನೆಗೆ ಕೂಡಲಸಂಗಮದೇವ ಅಂತ ಅಂಕಿತ ಬರುತ್ತದೆ. ಹನ್ನೆರಡನೇ ಶತಮಾನದ ಬಸವಣ್ಣ ತನ್ನ ಗುರುತು ಹಾಡಿನ ಒಳಗೇ ಇಟ್ಟು ಹೋಗಿದ್ದಾರೆ, ಅದನ್ನು ಕತ್ತರಿಸಲು ನನ್ನ ಕೈಲಿ ಆಗಲಿಲ್ಲ. ಆದರೆ 1995ರಲ್ಲಿ ಹಾಡಿದಾಕೆ ಯಾರು? ಗೊತ್ತಿಲ್ಲ.

ಅದೊಂದೇ ಹಾಡಿಗೆ ನನ್ನ ಬೆರಳು ತಪ್ಪಿತ್ತು, ಪಾಸ್ ಸ್ವಲ್ಪ ಬೇಗ ಬಿಟ್ಟಿದ್ದೆ. ಹಾಗಾಗಿ ಅನೌನ್ಸರ್ ಮಾತಿನ ಬಾಲ ಉಳಿದಿದೆ: "...ಮಠ ಅವರಿಂದ." ಅಷ್ಟೇ. ನಮ್ಮ ಕಡೆಯವರಿಗೆ ಇದು ಎಂಥ ಗೋಳು ಅಂತ ಹೇಳಬೇಕಿಲ್ಲ. ಹಿರೇಮಠ, ಚಿಕ್ಕಮಠ, ಸಾಲಿಮಠ, ಓಣಿಗೊಂದು ಮಠ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರೂ ಮನೆತನದ ಹೆಸರಿನಿಂದ ಕೊಂಕಾಳಿಮಠರೇ.

ಹಾಡು ಗುರುತಿಸುವ ಶಝಾಮ್ ಆಪ್ ಹಾಕಿ ನೋಡಲಿಲ್ಲವೇ ಅಂತ ಕೇಳುತ್ತೀರಿ. ನೋಡಿದೆ. ಅದು ಹಾಡಿನ ಗುರುತನ್ನು ತನ್ನ ಕಡೆ ಇರುವ ರೆಕಾರ್ಡುಗಳ ಜತೆ ಹೋಲಿಸಿ ಹೇಳುತ್ತದೆ. ರೇಡಿಯೋ ಸ್ಟುಡಿಯೋದಲ್ಲಿ ಹಾಡಿಸಿ, ಕ್ಯಾಸೆಟ್ ಆಗಿ ಎಂದೂ ಮಾರಾಟಕ್ಕೆ ಬಾರದ ಹಾಡು ಅದರ ಹತ್ತಿರ ಎಲ್ಲಿಂದ ಬರಬೇಕು? ಮೇಲಾಗಿ ನನ್ನ ಟೇಪ್ ಎಳೆದು ಎಳೆದು ಶ್ರುತಿಯೂ ಇಳಿದಿದೆ. ಒಮ್ಮೆ ಧಾರವಾಡಕ್ಕೇ ಹೋಗಿ, ಪರಿಚಯದವರ ಮೂಲಕ ಒಬ್ಬ ವಯಸ್ಸಾದ ತಬಲಜಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಧ್ವನಿ ಗುರ್ತ ಐತಿ ತಮ್ಮಾ. ಹೆಸರು ಬಾಯಾಗ ಬರವಲ್ದು" ಅಂದರು. ಚಾ ಕುಡಿಸಿ ಕಳಿಸಿದರು.

ಕಾಮಿಕ್ಸ್‌ನಲ್ಲೂ ಇದೇ ಕತೆ, ಬೇಗ ಮುಗಿಸುತ್ತೇನೆ. ರದ್ದಿ ಅಂಗಡಿಯಲ್ಲಿ ಇಂದ್ರಜಾಲ ಕಾಮಿಕ್ಸ್ ಸಿಗುತ್ತಿದ್ದವು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತ ಮಾಲೆ ಅದು. ಹಿಂದಿ, ಮರಾಠಿ, ಸಿಕ್ಕ ಭಾಷೆಯಲ್ಲಿ ಓದುತ್ತಿದ್ದೆ. ಅವುಗಳ ಜತೆ ಅಮರ ಚಿತ್ರ ಕಥೆಯನ್ನೂ ಸೇರಿಸಿ ನಾಲ್ಕು ದಪ್ಪ ಪುಸ್ತಕ ಬೈಂಡ್ ಮಾಡಿಸಿದೆ. ತರಲು ಹೋದಾಗ ನೋಡಿದರೆ ಬೈಂಡಿಂಗ್‌ನವರು ಎಲ್ಲ ಕವರ್ ಕಿತ್ತು ಹಾಕಿದ್ದರು. "ರಟ್ಟ ಹಾಕಿದ ಮ್ಯಾಲ ಕವರ್ ಯಾಕ ಬೇಕು?" ಅಂದರು. ನಾನೂ ಹೌದಲ್ಲ ಅಂದೆ! ಸಂಚಿಕೆ ನಂಬರು, ಚಿತ್ರ ಬರೆದವರ ಹೆಸರು, ಎಲ್ಲ ಆ ಕವರಿನ ಜತೆ ಹೋಯಿತು.

ಹೆಸರು ಹೋದರೆ ಏನು ಹೋಗುತ್ತದೆ ಅಂತ ತಿಳಿದದ್ದು ಬಹಳ ತಡವಾಗಿ. ಅಮರ ಚಿತ್ರ ಕಥೆಯ ಕೆಲವು ಪುಸ್ತಕಗಳ ಚಿತ್ರ ನನಗೆ ಜೀವ. ಆ ಮೈಕಟ್ಟು, ಆ ನೆರಳು. ಆ ಕೈ ಇನ್ನೇನು ಬರೆದಿದೆ ಅಂತ ಹುಡುಕಲು ದಾರಿಯೇ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಕವರ್ ಇರುವ ಪ್ರತಿ ಸಿಕ್ಕಿತು, ಪ್ರತಾಪ್ ಮುಳಿಕ್ ಅಂತ ಹೆಸರಿತ್ತು. ಶುರುವಿನ ನಾಗರಾಜ್ ಕಾಮಿಕ್ಸ್‌ಗೆ ಚಿತ್ರ ಬರೆದವರೂ ಅವರೇ! ಅದನ್ನು ನಾನು "ಹಿಂದಿ ಹುಡುಗರ ಹಾವಿನ ಪುಸ್ತಕ" ಅಂತ ಮುಟ್ಟಿಯೇ ಇರಲಿಲ್ಲ. ಒಂದು ಹೆಸರು ಇದ್ದಿದ್ದರೆ ಹತ್ತು ವರ್ಷ ಮೊದಲೇ ಸಿಗುತ್ತಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಹೊಸದು ಸಿಗುತ್ತಿಲ್ಲ ಅಂತಲ್ಲ, ನಿಮಗೆ ಸಿಕ್ಕಿರುವುದೇ ಜಾಸ್ತಿ. ಆ ಮೂರು ಸಾವಿರದಲ್ಲಿ ಹತ್ತು ಹಾಡಿಗೆ ತಬಲಾ ಬಾರಿಸಿದವರ ಹೆಸರು ಹೇಳಿ ನೋಡೋಣ. ಬರುವುದಿಲ್ಲ, ಅಲ್ವಾ? ನೀವೂ ಪಾಸ್ ಒತ್ತುತ್ತಿದ್ದೀರಿ. ನಿಮ್ಮ ಪರವಾಗಿ ಆಪ್ ಒತ್ತುತ್ತಿದೆ, ಅಷ್ಟೇ ವ್ಯತ್ಯಾಸ.

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮೋಫೋನಿಗೆ ಹಾಡಿದರು. ಒಂದು ತಟ್ಟೆಗೆ ಮೂರು ನಿಮಿಷದ ಆಸುಪಾಸು ಜಾಗ. ಅದರಲ್ಲೂ ಕೊನೆಗೆ ಕೆಲವು ಸೆಕೆಂಡು ಉಳಿಸಿಕೊಂಡು, ನನ್ನ ಹೆಸರು ಗೌಹರ್ ಜಾನ್ ಅಂತ ಇಂಗ್ಲಿಷಿನಲ್ಲಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡು ಅಂತ ತಿಳಿಯಬೇಕಲ್ಲ. ಮೂರು ನಿಮಿಷ ಇದ್ದವರು ಹೆಸರಿಗೆ ಜಾಗ ಮಾಡಿದರು. ಅರ್ಧ ತಾಸು ಇದ್ದ ನಾನು ಮಾಡಲಿಲ್ಲ. ಇನ್ನು ನಮ್ಮೂರಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನಂತೂ ಕಿತಾಬ್-ಎ-ನವರಸ್‌ನಲ್ಲಿ ಹಾಡುಗಳನ್ನು ರಾಗದ ಹೆಸರಿನ ಕೆಳಗೇ ಜೋಡಿಸಿದ್ದಾನೆ. ತನ್ನ ತಂಬೂರಿಗೂ ಮೋತಿಖಾನ್ ಅಂತ ಹೆಸರಿಟ್ಟವನು. ಅವನ ಗೋರಿ ಇರುವ ಇಬ್ರಾಹಿಂ ರೋಜಾದ ಕಟ್ಟೆಯ ಮೇಲೆ ಕೂತು ನಾನು ಹೆಸರಿಲ್ಲದ ಕ್ಯಾಸೆಟ್ ಅದಲುಬದಲು ಮಾಡುತ್ತಿದ್ದೆ!

ಬೆಂಗಳೂರಿಗೆ ಹೋಗಬೇಡಿ, ಸುಮ್ನೆ ಖರ್ಚು. ಅಲ್ಲೂ ಅದೇ ಆಪ್. ನಿಮ್ಮ ಜಿಲ್ಲೆಯ ಬೀಳಗಿಯಿಂದ ಶುರು ಮಾಡಿ. ಹಳೆಯ ಹಿಂದಿ ಸಿನಿಮಾ ಗಾಯಕಿ ಅಮೀರಬಾಯಿ ಕರ್ನಾಟಕಿ ಅಲ್ಲಿಯವರು. ನಮ್ಮೂರಿನ ಅಮೀರ್ ಟಾಕೀಸಿನಲ್ಲಿ ನಾನು ಎಷ್ಟೋ ಸಿನಿಮಾ ನೋಡಿದ್ದೇನೆ, ಅಮೀರ್ ಅಂದರೆ ಸಾಹುಕಾರ ಅಂತಲೇ ತಿಳಿದಿದ್ದೆ. ಅದು ಅವರ ಹೆಸರು ಅಂತ ಗೊತ್ತಾದ ದಿನ 1943ರ ಕಿಸ್ಮತ್ ಸಿನಿಮಾದ ಅವರ ಹಾಡು ಹಾಕಿದೆ. ಅಲ್ಲಿಂದ ಸಂಗೀತ ಕೊಟ್ಟ ಅನಿಲ್ ಬಿಸ್ವಾಸ್, ಅಲ್ಲಿಂದ ಅಕ್ಕ ಗೌಹರಬಾಯಿ. ಒಂದು ತಿಂಗಳು ಬೇರೆ ಏನೂ ಕೇಳಲಿಲ್ಲ. ಆಪ್ ಇದನ್ನು ನನಗೆ ಎಂದೂ ತೋರಿಸಿರಲಿಲ್ಲ. ನಿಮ್ಮ ಕಡೆ ಶ್ರೀಕೃಷ್ಣ ಪಾರಿಜಾತದ ಬಯಲಾಟ ಇದ್ದರೆ ಹೋಗಿ. ಮುಗಿದ ಮೇಲೆ ಏಳಬೇಡಿ. ಹಾರ್ಮೋನಿಯಂನವರ ಹತ್ತಿರ ಹೋಗಿ ಹೆಸರು ಕೇಳಿ, ಅವರಿಗೆ ಕಲಿಸಿದವರ ಹೆಸರು ಕೇಳಿ. ಕಾಮಿಕ್ಸ್ ತೆರೆದರೆ ಮೊದಲು ಚಿತ್ರಕಾರರ ಹೆಸರು ಓದಿ, ಆಮೇಲೆ ಕತೆ. ಹೆಸರು ಬರೆದಿಡಲು ಎರಡು ರೂಲಿನ ಒಂದು ನೋಟ್‌ಬುಕ್ ಸಾಕು. ಫೋನಿನಲ್ಲಿ ಬೇಡ, ಫೋನಿನಲ್ಲಿ ಬರೆದದ್ದನ್ನು ನಾನಂತೂ ತಿರುಗಿ ನೋಡಿಲ್ಲ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ, ಬಳಗದಲ್ಲಿ, ಮಠ ಅಂತ ಹೆಸರು ಮುಗಿಯುವ ದೊಡ್ಡವ್ವ, ಅತ್ತೆ, ಟೀಚರ್ ಯಾರಾದರೂ 1995ರ ಸುಮಾರಿಗೆ ಧಾರವಾಡ ರೇಡಿಯೋದಲ್ಲಿ ವಚನ ಹಾಡುತ್ತಿದ್ದರಾ? ಹಾಡಿನ ನಡುವೆ ಒಂದು ಕಡೆ ಹಾರ್ಮೋನಿಯಂ ನಿಲ್ಲುತ್ತದೆ. ಆಕೆ ಒಬ್ಬರೇ ಎರಡು ಸಾಲು ಹಾಡುತ್ತಾರೆ, ಆಮೇಲೆ ಸಣ್ಣಗೆ ಕೆಮ್ಮುತ್ತಾರೆ. ಗೊತ್ತಿದ್ದರೆ ಕೆಳಗೆ ಬರೆಯಿರಿ. ಆಡಿಯೋ ಕಳಿಸುತ್ತೇನೆ. ಫೈಲಿನ ಹೆಸರು ಸದ್ಯಕ್ಕೆ "ಮಠ ಅವರಿಂದ" ಅಂತಲೇ ಇದೆ.